ಮೆಟ್ಟಿಲ ಬುಡದ ಕಾಮಕಸ್ತೂರಿ

ತಾರಸಿಯ ಮೇಲಿನ ಕಾಮಕಸ್ತೂರಿ ಸಸಿಗಳು ನನ್ನ ಮೊಣಕಾಲಿನತ್ತ ಏರತೊಡಗಿದ ದಿನ ನನಗೆ ಖಾತ್ರಿಯಾಯಿತು: ಯಾರೋ ನನ್ನ ಬೀಜ ಬದಲಾಯಿಸಿದ್ದಾರೆ.

ಅವು ಹಾಗೆ ಏರಬೇಕಾದ ಗಿಡಗಳೇ ಅಲ್ಲ. ಗೇಣುದ್ದಕ್ಕೆ ನಿಂತು, ಚೆಂಡಿನ ಹಾಗೆ ದುಂಡಗೆ ತುಂಬಿಕೊಳ್ಳಬೇಕಾದ ಗಿಡ್ಡ ತಳಿ. ಮೂರು ವರ್ಷ ಆರಿಸಿ ಆರಿಸಿ ನಾನೇ ಮಾಡಿಕೊಂಡದ್ದು. ಈಗ ನೋಡಿದರೆ ಎಳ್ಳಿನ ಗಿಡದಂತೆ ನೆಟ್ಟಗೆ, ಬಡಕಲಾಗಿ, ಗಾಳಿ ಬಂದ ಕಡೆಗೆಲ್ಲ ತಲೆಯಾಡಿಸುತ್ತ ನಿಂತಿವೆ. ಕೈಯಲ್ಲಿದ್ದ ಚೊಂಬಿನ ನೀರನ್ನು ಅವಕ್ಕೆ ಹಾಕುವ ಮನಸ್ಸೂ ಆಗಲಿಲ್ಲ.

ಧನಪಾಲ್ ಅವರು ಬರುವ ದಿನ ಹತ್ತಿರವಾಗುತ್ತಿತ್ತು. ತರೀಕೆರೆಯಿಂದ ಲಿಂಗದಹಳ್ಳಿಗೆ ಹೋಗುವ ರಸ್ತೆಯಲ್ಲಿ ಅವರದೊಂದು ನರ್ಸರಿ ಇದೆ. ಕೆಮ್ಮಣ್ಣುಗುಂಡಿ, ಹೆಬ್ಬೆ ಜಲಪಾತ ನೋಡಿಕೊಂಡು ವಾಪಸಾಗುವ ಕಾರುಗಳು ಅಲ್ಲಿ ನಿಲ್ಲುತ್ತವೆ. ಕಾರಿನವರು ಪಾಸ್ತಾಕ್ಕೆ ಹಾಕುವ ಸೊಪ್ಪು ಇದೆಯೇ ಎಂದು ಕೇಳುತ್ತಾರಂತೆ. "ಉದ್ದ ಗಿಡ ಕಾರಲ್ಲಿ ಮಗುಚಿಕೊಳ್ಳುತ್ತೆ ಮೇಡಂ, ಯಾರೂ ಒಯ್ಯಲ್ಲ. ಸೀಟಿನ ಸಂದೀಲಿ ಕೂತ್ಕೊಂಡು ಹೋಗೋ ಅಂಥದ್ದು ಬೇಕು," ಎಂದಿದ್ದರು. ನಾನು ಮಾದರಿಗೆಂದು ಒಯ್ದಿದ್ದ ಎರಡು ಕುಂಡ ನೋಡಿ ಅವರ ಮುಖ ಅರಳಿತ್ತು. ಇಡೀ ತಾರಸಿ ತುಂಬ ಇಂಥದ್ದೇ ಬೆಳೆದು ತೋರಿಸಿದರೆ ನರ್ಸರಿಯ ಮುಂದಿನ ಸಾಲು ವರ್ಷಪೂರ್ತಿ ನನಗೆ.

ಆ ಸಾಲು ಸಿಕ್ಕರೆ ಕಡೂರಿನ ಹಾಸ್ಟೆಲ್ ಅಡುಗೆಮನೆ ಬಿಡಬಹುದು. ನಸುಕಿಗೆ ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಬೀರೂರಿನಲ್ಲಿ ಬಸ್ಸು ಬದಲಿಸಿ, ಯಾರ್ಯಾರದೋ ಮಕ್ಕಳಿಗೆ ಚಿತ್ರಾನ್ನ ಕಲಸಿ ಮನೆಗೆ ಬರುವಷ್ಟರಲ್ಲಿ ನನ್ನ ಮಗಳು ಆರಿದ ಅನ್ನ ತಿಂದು ಪುಸ್ತಕದ ಮೇಲೆ ಕೆನ್ನೆಯಿಟ್ಟು ಮಲಗಿರುತ್ತಾಳೆ. ಗಂಡ ಕಾಂತರಾಜು ತೆಂಗಿನಕಾಯಿ ಲಾರಿ ಹತ್ತಿದರೆ ಮತ್ತೆ ಯಾವಾಗ ಮನೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಸ್ಫೂರ್ತಿಗೆ ಇದು ಎಸ್ಸೆಸ್ಸೆಲ್ಸಿ ವರ್ಷ. ಈ ಒಂದು ವರ್ಷವಾದರೂ ಅವಳು ಶಾಲೆಯಿಂದ ಬಂದಾಗ ಬಾಗಿಲು ತೆಗೆಯಲು ನಾನಿರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಅದೆಲ್ಲ ಈ ಬಡಕಲು ಗಿಡಗಳ ಮೇಲೆ ನಿಂತಿತ್ತು.

ಬೀಜ ಕೊಂಡದ್ದು ಒಂದು ಕೃಷಿ ಮೇಳದಲ್ಲಿ. ಪೊಟ್ಟಣದ ಮೇಲಿದ್ದ ಚಿತ್ರದಲ್ಲಿ ಗಿಡ ಫುಟ್‌ಬಾಲಿನಂತಿತ್ತು. ಕಾಮಕಸ್ತೂರಿ ಬೀಜ ನಮ್ಮ ಮನೆಗೆ ಹೊಸದಲ್ಲ, ಬೇಸಿಗೆ ಶರಬತ್ತಿಗೆ ನೆನೆಹಾಕುವುದೇ ಅದನ್ನು. ಆದರೆ ಗಿಡ್ಡ ಜಾತಿ ಎನ್ನುವುದೊಂದಿದೆ ಎಂದು ಗೊತ್ತಿರಲಿಲ್ಲ. ಬಿತ್ತಿದೆ. ಬೀಜ ಕಣ್ಣಿಗೆ ಕಾಣುವಷ್ಟು ಮೇಲೆಯೇ ಇರಬೇಕು, ಆಳಕ್ಕೆ ಹೂತರೆ ಏಳುವುದಿಲ್ಲ. ತೆಂಗಿನ ನಾರಿನ ಪುಡಿಯ ಮೇಲೆ ಉದುರಿಸಿ, ನೀರನ್ನು ಸುರಿಯದೆ ಚಿಮುಕಿಸಬೇಕು. ಎದ್ದ ಸಸಿಗಳಲ್ಲಿ ಕೆಲವನ್ನು ಮನೆಯ ಹೊರಗಿನ ಮೆಟ್ಟಿಲ ಬುಡದಲ್ಲಿಟ್ಟೆ, ಕೆಲವನ್ನು ಬಚ್ಚಲ ಮೋರಿಯ ಹತ್ತಿರ. ಮೆಟ್ಟಿಲ ಬುಡದವು ದುಂಡಗಾದವು. ಮೋರಿಯ ಹತ್ತಿರದವು ಉದ್ದಕ್ಕೆ ಹೋದವು. ಪೊಟ್ಟಣದಲ್ಲಿ ಬೆರಕೆ ಇದೆ ಎಂದುಕೊಂಡು ಉದ್ದದವನ್ನು ಕಿತ್ತು ಬಿಸಾಕಿ, ದುಂಡಗಿನದರಲ್ಲೇ ಅತಿ ದುಂಡಗಿನದನ್ನು ಬೀಜಕ್ಕೆ ಬಿಟ್ಟೆ. ಮರುವರ್ಷವೂ ಅಷ್ಟೇ. ತಳಿ ನಿಂತಿತು ಎಂದುಕೊಂಡೆ.

ಈ ವರ್ಷ ಹೆಚ್ಚು ಜಾಗ ಬೇಕಿತ್ತು. ಬಹುತೇಕ ಎಲ್ಲವನ್ನೂ ತಾರಸಿಗೇ ಸಾಗಿಸಿದ್ದೆ. ಅಲ್ಲಿ ಹೀಗೆ.

ಕೆಳಗಿಳಿದು ಬಂದು ಅತ್ತೆ ತೀರ್ಥಮ್ಮನವರ ಮುಂದೆ ಗೋಳಾಡಿದೆ. ಅವರು ಕಟ್ಟೆಯ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಬೀಜ ಎಲ್ಲಿ ಒಣಗಿಸಿದ್ದೆ?" ಎಂದು ಕೇಳಿದರು.

"ಮೊರದಲ್ಲಿ ಹಾಕಿ ಕಾಂಪೌಂಡ್ ಗೋಡೆ ಮೇಲೆ ಇಟ್ಟಿದ್ದೆ."

"ಆ ಕಡೆ ಯಾರ ಮನೆ?"

ಹೇಳಬೇಕೇ? ಆ ಕಡೆ ಹುಲಿಯಮ್ಮನ ಮನೆ. ಆಕೆ ಬಸ್‌ಸ್ಟ್ಯಾಂಡಿನಲ್ಲಿ ಹೂವು ಕಟ್ಟಿ ಮಾರುತ್ತಾಳೆ. ಮಾಲೆಯ ನಡುನಡುವೆ ಸೇರಿಸಲು ಕಾಮಕಸ್ತೂರಿ ಬೇಕಲ್ಲ, ಅದಕ್ಕೆ ಗೋಡೆಗುಂಟ ಉದ್ದ ಜಾತಿಯ ಗಿಡಗಳು ಅವಳ ಹಿತ್ತಲಲ್ಲಿ ಕಾಡಿನಂತಿವೆ.

"ನಾನೇನೂ ಅನ್ನಲ್ಲಪ್ಪ," ಎಂದರು ಅತ್ತೆ, ಎಣ್ಣೆ ಬಟ್ಟಲಿನತ್ತ ನೋಡುತ್ತ. "ಹೂ ಕಟ್ಟೋರ ಕೈ ಮಾತ್ರ ಸುಮ್ನಿರಲ್ಲ."

ಅಷ್ಟು ಸಾಕಾಯಿತು. ಭಾನುವಾರ ಬೆಳಿಗ್ಗೆ ಹುಲಿಯಮ್ಮ ಹಿತ್ತಲಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಾಗ ಗೋಡೆಯ ಹತ್ತಿರ ಹೋಗಿ ನಿಂತೆ.

"ನಿಮ್ಮ ಕಾಮಕಸ್ತೂರಿ ಈ ಸಲ ಚೆನ್ನಾಗಿ ಬಂದೈತಲ್ಲ ಹುಲಿಯಮ್ಮ."

"ಬತ್ತದೆ ಕಣವ್ವ, ಅದಕ್ಕೇನು ಕೇಡು. ಒಂದ್ಸಲ ಉದುರಿದ್ರೆ ಸಾಕು, ಕಳೆ ಹಂಗೆ ಹುಟ್ಕೊಳ್ತದೆ."

"ನಮ್ಮದೂ ಹಂಗೇ ಉದ್ದ ಬಂದ್ಬಿಟ್ಟಿದೆ. ನಿಮ್ಮದೇ ಬೀಜ ಅನ್ನೋ ಹಂಗೆ."

ಹುಲಿಯಮ್ಮನ ಬೆರಳು ದಾರದ ಮೇಲೆ ನಿಂತಿತು. "ಅಂದ್ರೆ?"

"ಏನಿಲ್ಲ. ಬೀಜದ ಮೊರ ಈ ಗೋಡೆ ಮೇಲೆ ಇಟ್ಟಿದ್ದೆ. ಅದಕ್ಕೆ ಕೇಳ್ದೆ."

"ಗೋಡೆ ಮೇಲೆ ಕಾಗೆನೂ ಕೂರ್ತದೆ, ಬೆಕ್ಕೂ ಓಡಾಡ್ತದೆ. ಅವುನ್ನೂ ಕೇಳ್ದಾ?"

"ಕಾಗೆ ಬೀಜ ತಿನ್ನುತ್ತೆ. ಬದಲಾಯಿಸಲ್ಲ."

"ಓಹೋ! ಹಂಗಾದ್ರೆ ನಾನು ಕಾಗೆಗಿಂತ ಕಡೆ. ಆಗ್ಲಿ ಕಣವ್ವ." ಬುಟ್ಟಿ ಎತ್ತಿಕೊಂಡು ಎದ್ದಳು. "ಇನ್ಮೇಲೆ ನಿನ್ನ ಮಗಳ ಜಡೆಗೆ ಹೂವು ಬೇಕಾದ್ರೆ ಕಾಗೆ ಹತ್ರನೇ ಕಟ್ಟಿಸ್ಕೋ."

ಪ್ರತಿ ಶುಕ್ರವಾರ ಗೋಡೆಯ ಮೇಲೆ ಬಾಳೆಲೆಯಲ್ಲಿ ಸುತ್ತಿ ಇಡುತ್ತಿದ್ದ ಮೊಳ ಹೂವು ಆ ವಾರ ಬರಲಿಲ್ಲ. ಸ್ಫೂರ್ತಿ ಬರಿ ಜಡೆಯಲ್ಲಿ ಶಾಲೆಗೆ ಹೋದಳು. ನಾನು ಅದನ್ನು ತಪ್ಪೊಪ್ಪಿಗೆ ಎಂದೇ ತಿಳಿದೆ. ಕಳ್ಳತನ ಮಾಡದವಳಿಗೆ ಇಷ್ಟು ಸಿಟ್ಟೇಕೆ?

ನನ್ನ ಲೆಕ್ಕಾಚಾರವನ್ನು ಕೆಡಿಸಿದವಳು ಮಗಳೇ. ಶನಿವಾರ ನಾನು ಬಸ್ಸಿಳಿದು ಬಂದಾಗ ಮೆಟ್ಟಿಲ ಮೇಲೆ ಕೂತು ವಿಜ್ಞಾನ ಓದುತ್ತಿದ್ದಳು. ಹುಲಿಯಮ್ಮನ ವಿಷಯ ತೆಗೆದೆ.

"ಅಮ್ಮ, ಬೀಜ ಬದಲಾಗಿದ್ರೆ ಇವು ಹೆಂಗೆ ಗಿಡ್ಡ ಆದವು?" ಎಂದು ಕಾಲಿನ ಹತ್ತಿರ ತೋರಿಸಿದಳು.

ತಾರಸಿಗೆ ಒಯ್ಯದೆ ಉಳಿದಿದ್ದ ನಾಲ್ಕೈದು ಕುಂಡಗಳು ಮೆಟ್ಟಿಲ ಬುಡದಲ್ಲಿದ್ದವು. ಚೆಂಡಿನಷ್ಟು ದುಂಡಗೆ, ಒತ್ತೊತ್ತಾಗಿ.

"ಅವು ಹಳೇ ಬೀಜದ್ದಿರಬೇಕು."

"ಅಲ್ಲ. ಒಂದೇ ಟ್ರೇದು. ನಾನೇ ಕಿತ್ತು ಕುಂಡಕ್ಕೆ ಹಾಕಿದ್ದು. ಮೇಲಕ್ಕೆ ಹತ್ತೋಕೆ ಬೇಜಾರಾಗಿ ಇವನ್ನ ಇಲ್ಲೇ ಬಿಟ್ಟೆ."

ಒಂದೇ ಮೊರದ ಬೀಜ. ಒಂದೇ ಟ್ರೇ. ಮೇಲೆ ಎಳ್ಳಿನ ಗಿಡ, ಕೆಳಗೆ ಫುಟ್‌ಬಾಲು. ನಾನು ಚೀಲವನ್ನೂ ಕೆಳಗಿಡದೆ ಕುಕ್ಕರಗಾಲಿನಲ್ಲಿ ಕೂತು ಎಲೆಗಳನ್ನು ಬೆರಳಿನಿಂದ ಬಿಡಿಸಿ ನೋಡಿದೆ. ಮೂರು ವರ್ಷದಲ್ಲಿ ಒಮ್ಮೆಯೂ ಹಾಗೆ ಬಿಡಿಸಿ ನೋಡಿರಲಿಲ್ಲ. ದೂರದಿಂದ ಆಕಾರ ನೋಡಿ ಮೆಚ್ಚುತ್ತಿದ್ದೆ. ನಡುಕಾಂಡದ ತುದಿಯೇ ಇರಲಿಲ್ಲ. ಅಲ್ಲಿ ಕಂದು ಬಣ್ಣಕ್ಕೆ ಒಣಗಿದ ಸಣ್ಣದೊಂದು ಗಾಯ, ಅದರ ಕೆಳಗಿನ ಎರಡೂ ಎಲೆಗಳ ಕಂಕುಳಿಂದ ಎರಡು ಹೊಸ ಕುಡಿ. ಆ ಕುಡಿಗಳ ತುದಿಯೂ ಇಲ್ಲ. ಅವುಗಳಿಂದ ಮತ್ತೆ ಕವಲು. ಒಂದು ಗಾಯವಂತೂ ಹಸಿಯಾಗಿಯೇ ಇತ್ತು, ಅಂದಿನದು.

ಯಾರೋ ದಿನಾ ಚಿವುಟುತ್ತಿದ್ದರು. ಮೇಕೆ, ಹುಳು ತಿಂದದ್ದಲ್ಲ. ಉಗುರಿನ ಗುರುತು ಅದು.

ಅನುಮಾನ ಎಂಬುದು ಒಂದು ಸಲ ಮನೆ ಮಾಡಿಕೊಂಡರೆ ಗಿರಾಕಿ ಬದಲಾಯಿಸುವುದಿಲ್ಲ. ಬೀಜ ಕದ್ದಿಲ್ಲ, ಸರಿ. ಹಾಗಾದರೆ ಹುಲಿಯಮ್ಮ ಕುಡಿ ಕದಿಯುತ್ತಿದ್ದಾಳೆ! ಗೋಡೆಯಿಂದ ಕೈ ಚಾಚಿದರೆ ಮೆಟ್ಟಿಲ ಬುಡ ಸಿಕ್ಕೇಬಿಡುತ್ತದೆ. ತನ್ನ ಗಿಡವಿದ್ದರೂ ಕದ್ದ ಕುಡಿಗೆ ಘಮ ಹೆಚ್ಚು ಎಂದು ನಂಬುವವರು ಎಷ್ಟಿಲ್ಲ ನಮ್ಮಲ್ಲಿ. ಮರುದಿನ ಭಾನುವಾರ. ಗುರುತು ಸಿಗುತ್ತದೇನೋ ಎಂದು ಗೋಡೆಯುದ್ದಕ್ಕೂ ಬಗ್ಗಿ ನೋಡುತ್ತ ಹೊರಟೆ. ಕಾಲ್ತುಳಿತವಿಲ್ಲ, ಹೂವಿನ ದಾರದ ತುಂಡಿಲ್ಲ. ಗೋಡೆ ಮುಗಿಯುವಲ್ಲಿ ನಮ್ಮ ಒಂಟಿ ತೆಂಗಿನ ಮರ. ಅಲ್ಲಿಗೆ ಹೋದಾಗ ಮೂಗಿಗೆ ಬಡಿಯಿತು, ಒಣಗಿದ ಕಾಮಕಸ್ತೂರಿಯ ವಾಸನೆ.

ಆ ಮರದ ಬುಡ ತುಳಿಯುವ ಜಾಗವಲ್ಲ. ಅತ್ತೆ ಲಿಂಗಪೂಜೆ ಮುಗಿಸಿ, ಲಿಂಗದ ಮೇಲಿಂದ ತೆಗೆದ ಪತ್ರೆಯನ್ನು ಕಾಲಿಗೆ ಸಿಗಬಾರದೆಂದು ಅಲ್ಲಿ ಹಾಕುತ್ತಾರೆ. ನಾನು ಅತ್ತ ಹೋಗಿ ಎಷ್ಟು ಕಾಲವಾಗಿತ್ತೋ. ಪಾತಿಯೊಳಗೆ ಪದರ ಪದರವಾಗಿ ಬಿದ್ದಿತ್ತು: ಕೆಳಗೆ ಪುಡಿಯಾದದ್ದು, ಅದರ ಮೇಲೆ ಕಪ್ಪಾದದ್ದು, ಎಲ್ಲಕ್ಕಿಂತ ಮೇಲೆ ಇನ್ನೂ ಹಸಿರಾಗಿದ್ದ ಎರಡೆಲೆಯ ಒಂದು ಪುಟ್ಟ ಕುಡಿ. ಅದಕ್ಕೆ ವಿಭೂತಿ ಅಂಟಿತ್ತು. ಬಿಲ್ವದ ಎಲೆ ಒಂದೂ ಇರಲಿಲ್ಲ.

ನಾನು ಒಳಗೆ ಹೋದೆ. ಅತ್ತೆ ಲಿಂಗವನ್ನು ಕರಡಿಗೆಗೆ ಸೇರಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮುಗಿಯುವವರೆಗೂ ಬಾಗಿಲಲ್ಲೇ ನಿಂತಿದ್ದೆ.

"ಅತ್ತೆ, ಹುಲಿಯಮ್ಮನ್ನ ಕಳ್ಳಿ ಅಂದ್ರಲ್ಲ."

"ನಾನೆಲ್ಲಿ ಕಳ್ಳಿ ಅಂದೆ? ಹೂ ಕಟ್ಟೋರ ಕೈ ಸುಮ್ನಿರಲ್ಲ ಅಂದೆ."

"ಪೂಜೆ ಮಾಡೋರ ಕೈ ಸುಮ್ನಿರುತ್ತಾ?"

ಅವರು ನನ್ನ ಮುಖ ನೋಡಿದರು. ತೆಂಗಿನ ಮರದ ಕಡೆಯ ಕಿಟಕಿ ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು.

"ಮಠದ ಬಿಲ್ವದ ಮರದ ತನಕ ಈ ಮಂಡಿ ಹೋಗಲ್ಲ ಕಣೇ. ಮೊದಲು ನೀನು ತಂದ್ಕೊಡ್ತಿದ್ದೆ. ಆಮೇಲೆ ಕಡೂರಿಗೆ ಹೋಗೋಕೆ ಶುರು ಮಾಡ್ದೆ. ಬಂದು ಗೋಡೆಗೊರಗಿ ಕೂತ್ರೆ ಒಗೆದು ಹಿಂಡಿದ ಬಟ್ಟೆ ಹಂಗೆ ಕಾಣ್ತೀಯ. ನಿನ್ನ ಹತ್ರ ಪತ್ರೆ ಕೇಳ್ಲಾ? ಬರಿ ವಿಭೂತಿಲಿ ಪೂಜೆ ಮಾಡಿದ್ರೆ ಕೈ ಖಾಲಿ ಅನ್ಸುತ್ತೆ. ಬಾಗ್ಲಲ್ಲೇ ಘಮ್ ಅಂತಿತ್ತು. ಒಂದು ಕುಡಿ ಚಿವುಟ್ದೆ. ಲಿಂಗಯ್ಯನೂ ಬೇಡ ಅನ್ಲಿಲ್ಲ."

"ಹೇಳಿದ್ರೆ ನಾನು ಬೇಡ ಅಂತಿದ್ನಾ?"

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ನಿನ್ನ ಮಗಳು ಫೋನಲ್ಲಿ ಓದ್ಬಿಟ್ಳಲ್ಲ, ಇದು ತುಳಸಿ ಕುಲದ್ದೇ ಅಂತ!" ಅತ್ತೆಯ ದನಿ ಪಿಸುಮಾತಿಗಿಳಿಯಿತು. "ತೀರ್ಥಮ್ಮ ಲಿಂಗಕ್ಕೆ ತುಳಸಿ ಏರಿಸ್ತಾಳಂತೆ ಅಂತ ಅಕ್ಕನ ಬಳಗದಲ್ಲಿ ಗೊತ್ತಾದ್ರೆ ಏನು ಗತಿ? ನಾನು ವಚನ ಹೇಳೋಕೆ ಬಾಯಿ ತೆಗೆದಾಗೆಲ್ಲ ಮುಸಿಮುಸಿ ನಗ್ತಾರೆ. ಬಿಡೋಣ ಅಂದ್ರೆ ಆ ಘಮ ಅಭ್ಯಾಸ ಆಗ್ಬಿಟ್ಟಿತ್ತು."

"ಬಚ್ಚಲ ಹತ್ರ ಇದ್ದ ಗಿಡದ್ದು ಯಾಕೆ ಚಿವುಟ್ಲಿಲ್ಲ?"

"ಬಚ್ಚಲ ನೀರು ಕುಡಿದ ಗಿಡದ್ದು ಪೂಜೆಗೆ ಏರಿಸ್ತಾರೇನೇ? ಚೆನ್ನಾಗಿ ಕೇಳ್ತೀಯ."

ಬಾಗಿಲಲ್ಲೇ ಕೂತುಬಿಟ್ಟೆ. ನಗು ಬಂತು, ಹೆಚ್ಚು ಹೊತ್ತು ನಿಲ್ಲಲಿಲ್ಲ. ಮೂರು ವರ್ಷ ನಾನು ಆರಿಸಿದ್ದು ತಳಿಯನ್ನಲ್ಲ, ಅತ್ತೆಯ ಮಂಡಿಯನ್ನು. ಅವರ ಕೈಗೆ ಸಿಕ್ಕಲ್ಲಿ ಗಿಡ್ಡ, ಸಿಗದಲ್ಲಿ ಉದ್ದ. ನನ್ನ ಡಬ್ಬಿಯಲ್ಲಿದ್ದ ಬೀಜಕ್ಕೂ ಹುಲಿಯಮ್ಮನ ಹಿತ್ತಲಿನ ಕಳೆಗೂ ವ್ಯತ್ಯಾಸವೇ ಇರಲಿಲ್ಲ. ಇದನ್ನೇ ನಂಬಿ ಧನಪಾಲರಿಗೆ ಮಾತು ಕೊಟ್ಟಿದ್ದೆ.

"ಅತ್ತೆ," ಎಂದೆ ಕೊನೆಗೆ, "ಮೇಲಿನ ಗಿಡಾನೂ ನೀವೇ ಚಿವುಟಬೇಕು."

"ಅಷ್ಟೂನಾ? ಮೆಟ್ಟಿಲು ಯಾರು ಹತ್ತಿಸ್ತಾರೆ, ನಿಮ್ಮಪ್ಪನಾ?"

ಹತ್ತಿಸಲು ಇನ್ನೊಂದು ಗಟ್ಟಿ ಕೈ ಬೇಕಿತ್ತು, ಅದು ಗೋಡೆಯ ಆಚೆಗಿತ್ತು. ಹೋಗಿ ನಿಂತೆ. ಹುಲಿಯಮ್ಮ ತಲೆ ಎತ್ತಲಿಲ್ಲ.

"ಹುಲಿಯಮ್ಮ, ತಪ್ಪಾಯ್ತು. ಕಳ್ಳಿ ನಮ್ಮ ಮನೇಲೇ ಇದ್ಲು."

"ಯಾರು?"

ಹೇಳಿದೆ. ತುಳಸಿಯ ಸಂಗತಿಯೊಂದನ್ನು ಬಿಟ್ಟು ಎಲ್ಲ ಹೇಳಿದೆ. ಹುಲಿಯಮ್ಮ ಹೂವಿನ ಬುಟ್ಟಿಯ ಮೇಲೆ ಬೀಳುವಂತೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಒಂದು ಮಾತು ಕೇಳ್ತೀನಿ ಕಣವ್ವ. ನಿಮ್ಮತ್ತೆ ಹೆಸರು ಹೇಳೋಕೆ ನಿಂಗೆ ಮೂರು ವರ್ಷ ಬೇಕಾಯ್ತು. ನನ್ನ ಹೆಸರು ಹೇಳೋಕೆ ಒಂದು ಗಳಿಗೆ ಸಾಕಾಯ್ತಲ್ಲ?" ಎಂದಳು.

ಉತ್ತರಕ್ಕೆ ಕಾಯಲಿಲ್ಲ. "ಚಿವುಟಿದ್ದೆಲ್ಲ ನಂಗೆ ಕೊಡ್ತೀಯಾ ಹಂಗಾದ್ರೆ? ಮಾಲೆಗೆ ಆಗುತ್ತೆ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿ, ಹಿಂದಿನಿಂದ ಹುಲಿಯಮ್ಮ, ಮುಂದಿನಿಂದ ನಾನು, ನಡುವೆ "ಅಜ್ಜೀ, ಅಲುಗಾಡಬೇಡ" ಎಂದು ಕೂಗುತ್ತ ಸ್ಫೂರ್ತಿ.

"ಲೇ ಹುಲಿಯಮ್ಮ, ಬೀಳಿಸ್ಬೇಡ ಕಣೇ!"

"ಬೀಳಿಸ್ಬೇಕು ಅಂತಲೇ ಹಿಂದೆ ನಿಂತಿದೀನಿ ತೀರ್ಥವ್ವ. ಕೈ ಸುಮ್ನಿರಲ್ವಲ್ಲ ನಂದು!"

ಅತ್ತೆ ಕುರ್ಚಿಯ ಕೈಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

ತಾರಸಿಯಲ್ಲಿ ಮೊದಲ ದಿನ ಉದ್ದ ಕಾಂಡಗಳನ್ನು ಕೆಳಗಿನ ಗೆಣ್ಣಿನವರೆಗೆ ನಾನೇ ಕತ್ತರಿಸಿದೆ. ಆಮೇಲಿನದೆಲ್ಲ ಅತ್ತೆಯದು. ದಿನಾ ಬೆಳಿಗ್ಗೆ ಮೇಲೇರುತ್ತಿದ್ದರು, ಮೊದಮೊದಲು ಕುರ್ಚಿಯಲ್ಲಿ, ಆಮೇಲೆ ಹುಲಿಯಮ್ಮನ ಹೆಗಲು ಹಿಡಿದು. ಪೂಜೆಗೆ ಆರಿಸುವಂತೆಯೇ, ಈ ಗಿಡದಲ್ಲೊಂದು ಆ ಗಿಡದಲ್ಲೊಂದು, ಎದ್ದು ನಿಂತ ಕುಡಿಯನ್ನು ಮಾತ್ರ ಉಗುರಿನ ತುದಿಯಲ್ಲಿ ತೆಗೆಯುತ್ತಿದ್ದರು. ನೀರಿನ ಟ್ಯಾಂಕಿನ ಈಚೆಗಿದ್ದ ಗಿಡಗಳೆಲ್ಲ ಕವಲೊಡೆದು, ತುಂಬಿ, ದುಂಡಗಾದವು. ಶುಕ್ರವಾರ ಗೋಡೆಯ ಮೇಲೆ ಮತ್ತೆ ಬಾಳೆಲೆ ಬಂತು.

ಧನಪಾಲ್ ಪಿಕಪ್ ತೆಗೆದುಕೊಂಡು ಬಂದರು. ಕುಂಡಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿ, ಬುಡದ ತೂತು ನೋಡಿ, ಎಲೆ ಉಜ್ಜಿ ಮೂಸಿದರು.

"ಚೆನ್ನಾಗಿದಾವೆ ಮೇಡಂ. ಅಷ್ಟೂ ತುಂಬಿಸ್ತೀನಿ. ಜೊತೆಗೆ ಬೀಜ ಸ್ವಲ್ಪ ಕೊಡಿ, ನಮ್ಮಲ್ಲೇ ಹಾಕ್ಕೋತೀನಿ."

ಬೀಜ ಕೊಟ್ಟರೆ ಅವರ ಶೆಡ್ಡಿನಲ್ಲಿ ಎಳ್ಳಿನ ಗಿಡ ಎದ್ದು ನಿಲ್ಲುತ್ತದೆ, ಅಲ್ಲಿಗೆ ನನ್ನ ಹೆಸರು ಮುಗಿಯುತ್ತದೆ. ನಿಜ ಹೇಳುವುದೇ ಕ್ಷೇಮವೆನಿಸಿತು.

"ಬೀಜದಲ್ಲಿ ಏನೂ ಇಲ್ಲ ಸಾರ್. ಇದು ಗಿಡ್ಡ ತಳಿ ಅಲ್ಲವೇ ಅಲ್ಲ. ನಾನೂ ಹಂಗೇ ಅಂದ್ಕೊಂಡಿದ್ದೆ. ನಮ್ಮತ್ತೆ ದಿನಾ ಕುಡಿ ಚಿವುಟಿದ್ದಕ್ಕೆ ಹಿಂಗಾಗಿರೋದು."

ಧನಪಾಲ್ ನನ್ನನ್ನು ನೋಡಿದರು. ಕುರ್ಚಿಯಲ್ಲಿ ಕೂತಿದ್ದ ಅತ್ತೆಯನ್ನು ನೋಡಿದರು. ಆಮೇಲೆ ನಗತೊಡಗಿದರು.

"ಮೇಡಂ, ಗಿಡ ಮಾರ್ತಾ ಮಾರ್ತಾ ನನ್ನ ತಲೆ ಬೆಳ್ಳಗಾಯ್ತು. ಕುಡಿ ಚಿವುಟೋದು ನಂಗೊತ್ತಿಲ್ವಾ? ನಮ್ಮ ಕೆಲಸದೋರು ಕತ್ತರಿ ಹಾಕಿದ್ರೆ ಪೊರಕೆ ಹಂಗಾಗುತ್ತೆ, ಹಿಂಗೆ ದುಂಡಗೆ ಬರಲ್ಲ. ಇದು ಹುಟ್ಟಾ ಗಿಡ್ಡ. ಬೀಜ ಕೊಡೋಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಿ. ವಯಸ್ಸಾದೋರ್ನ ಯಾಕೆ ಮುಂದಕ್ಕೆ ಬಿಡ್ತೀರಿ?"

"ನಿಜ ಸಾರ್."

"ಆಗ್ಲಿ ಬಿಡಿ, ಬಚ್ಚಿಟ್ಕೊಳ್ಳಿ. ಬೀಜ ಕೊಡ್ದಿದ್ರೆ ಗಿಡಾನೇ ಕೊಡ್ತಾ ಹೋಗಿ. ಮುಂದಿನ ಸಾಲು ನಿಮ್ದೇ. ಆದ್ರೆ ಬೇರೆ ಯಾರಿಗೂ ಕೊಡೋ ಹಂಗಿಲ್ಲ."

ಅಂತೂ ಸಾಲು ಸಿಕ್ಕಿತು. ತಿಂಗಳು ಮುಗಿದ ಮೇಲೆ ಬರುವುದಿಲ್ಲ ಎಂದು ಹಾಸ್ಟೆಲ್ ವಾರ್ಡನ್‌ಗೆ ಫೋನಿನಲ್ಲೇ ಹೇಳಿಬಿಟ್ಟೆ.

ಪಿಕಪ್ ಹೋದ ಮೇಲೆ ತಾರಸಿ ಗುಡಿಸಲೆಂದು ಮೇಲೆ ಹತ್ತಿದೆ. ಖಾಲಿ ಟ್ರೇ ಜೋಡಿಸುತ್ತ ಟ್ಯಾಂಕಿನ ಹಿಂದಕ್ಕೆ ಕೈ ಹಾಕಿದಾಗ ಒಡೆದ ಕುಂಡವೊಂದು ತಗುಲಿತು. ಟ್ಯಾಂಕಿಗೂ ಪ್ಯಾರಪೆಟ್ಟಿಗೂ ನಡುವಿನ ಆ ಸಂದಿಗೆ ನಾನೇ ಅಡ್ಡ ತಿರುಗಿ ತೂರಬೇಕು; ಅತ್ತೆಯಂತೂ ಹೋಗುವಂತಿಲ್ಲ. ಬೆಳಗಿನ ಬಿಸಿಲು ಬೀಳುವ ಜಾಗ, ಟ್ಯಾಂಕಿನಿಂದ ತೊಟ್ಟಿಕ್ಕುವ ನೀರು. ಯಾವಾಗಲೋ ಜಾರಿ ಬಿದ್ದ ಸಸಿ ಅಲ್ಲೇ ಬೇರು ಬಿಟ್ಟಿತ್ತು.

ಗೇಣುದ್ದ. ದುಂಡಗೆ.

ಎಲೆ ಬಿಡಿಸಿ ನೋಡಿದೆ. ಈಗ ನೋಡುವುದು ಗೊತ್ತಿತ್ತು. ತುದಿ ಹಾಗೇ ಇತ್ತು, ಗಾಯವಿಲ್ಲ, ಉಗುರಿನ ಗುರುತಿಲ್ಲ. ಗೆಣ್ಣು ಗೆಣ್ಣಿನ ನಡುವೆ ಅಂತರವೇ ಇಲ್ಲದಂತೆ ಎಲೆಗಳು ಒಂದರ ಮೇಲೊಂದು ಕೂತಿದ್ದವು. ಪೊಟ್ಟಣದ ಮೇಲಿನ ಚಿತ್ರ ಅದೇ. ಇಷ್ಟೆಲ್ಲದರ ನಡುವೆ ನಿಜವಾದದ್ದು ಒಂದೇ ಒಂದು ಉಳಿದುಕೊಂಡು ಬಂದಿತ್ತು, ಯಾರ ಕೈಗೂ ಸಿಗದೆ.

ಹುಲಿಯಮ್ಮನ ಉದ್ದ ಗಿಡದಿಂದ ಜೇನು ಬಂದರೆ ಬೆರಕೆಯಾಗುತ್ತದೆ. ಹಳೆಯ ಸೊಳ್ಳೆಪರದೆ ಕತ್ತರಿಸಿ ಹೊದಿಸಿದೆ. ಹೂ ಬಿಟ್ಟ ಮೇಲೆ ಪರದೆಯೊಳಗೆ ಬೆರಳು ತೂರಿಸಿ, ಪರಾಗ ಉದುರಲೆಂದು ತೆನೆಯನ್ನು ನಾನೇ ಅಲುಗಿಸಿದೆ. ಈ ಬೀಜ ಧನಪಾಲರ ಕೈ ಸೇರಿದರೆ ಅವರಿಗೆ ನನ್ನ ಗಿಡವೇ ಬೇಡವಾಗುತ್ತದೆ. ಹುಲಿಯಮ್ಮನಿಗೆ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಅತ್ತೆಗೆ ಮಾತ್ರ ಹೇಳಿದೆ, ಹೇಳದೆ ವಿಧಿಯಿರಲಿಲ್ಲ. ದಿನಾ ತಾರಸಿ ಹತ್ತುವವರ ಕಣ್ಣಿಗೆ ಆ ಪರದೆ ಬೀಳದೆ ಇರುತ್ತದೆಯೇ?

ಮುಂದಿನ ಸರಕಿಗೆ ಬಂದ ಧನಪಾಲ್ ಕಾಫಿ ಕುಡಿಯುತ್ತ ಮತ್ತೆ ಅದನ್ನೇ ಎತ್ತಿದರು. "ನಿಜ ಹೇಳಿ ಮೇಡಂ, ಬೀಜ ಇಲ್ಲವೇ ಇಲ್ವಾ?"

"ಇಲ್ಲ ಸಾರ್," ಎಂದೆ. ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.

ಅತ್ತೆ ಕಟ್ಟೆಯ ಮೇಲಿಂದ ತಮ್ಮ ಹಸಿರು ಕಲೆ ಹಿಡಿದ ಹೆಬ್ಬೆರಳು, ತೋರುಬೆರಳನ್ನು ಎತ್ತಿ ತೋರಿಸಿದರು. "ಬೀಜ ಎಲ್ಲಿಂದ ಬರಬೇಕಪ್ಪಾ. ಎಲ್ಲಾ ಈ ಎರಡು ಬೆರಳಲ್ಲೇ ಐತೆ." ಕಣ್ಣು ಪಿಳುಕಿಸಲಿಲ್ಲ. ಬಚ್ಚಿಡುವುದರಲ್ಲಿ ಅವರಿಗೆ ಮೂರು ವರ್ಷದ ಪಳಗಿಕೆ.

ಧನಪಾಲ್ ನಮ್ಮಿಬ್ಬರ ಮುಖವನ್ನೂ ನೋಡಿದರು. "ಇರಬಹುದು, ಇರಬಹುದು," ಎಂದು ತಲೆಯಾಡಿಸಿದರು. ಈ ಸಲ ನಂಬಿದಂತಿತ್ತು.

ಗಾಡಿ ಹತ್ತುವಾಗ ಮಾತ್ರ ಒಮ್ಮೆ ಹಿಂತಿರುಗಿ, ತಾರಸಿಯ ನೀರಿನ ಟ್ಯಾಂಕಿನ ಕಡೆಗೇ ನೋಡಿದರು. ಅವರು ಹೋದ ಮೇಲೆ ನಾನು ಮೆಟ್ಟಿಲು ಹತ್ತಿ ತಾರಸಿಯ ಬಾಗಿಲಿಗೆ ಬೀಗ ಹಾಕಿದೆ.